ಹಾಡಿದವರಿಗೆ ಒಂದು ಪುಟ

‘ಅರ್ಹತೆ ಇದೆಯಾ?’ ಎಂಬ ಪ್ರಶ್ನೆ ನಮ್ಮ ಕಿವಿಗೆ ಹೊಸದಲ್ಲ. ಹಾಸ್ಟೆಲಿಗೆ ಅರ್ಜಿ ಹಾಕುವಾಗ ಕೇಳಿದ್ದೇವೆ. ಕೆಲಸಕ್ಕೆ ಸಾಲು ನಿಂತಾಗ ಕೇಳಿದ್ದೇವೆ. ನಮ್ಮ ಕವಿತೆ ಕೈಗೆ ತೆಗೆದುಕೊಂಡವರ ಹುಬ್ಬಿನಲ್ಲೂ ಓದಿದ್ದೇವೆ. ಈಗ ಅದೇ ಪ್ರಶ್ನೆ ಬೇರೊಂದು ಅಂಗಿ ತೊಟ್ಟು ಎದುರು ನಿಂತಿದೆ. ಟೀವಿಯ ಹಾಡಿನ ಸ್ಪರ್ಧೆಯಲ್ಲಿ ನಾಲ್ಕಾರು ತಿಂಗಳು ಹಾಡಿ ಊರಿಗೆ ಮರಳಿದ ಗಾಯಕನಿಗೋ ಗಾಯಕಿಗೋ ವಿಶ್ವಕೋಶದಲ್ಲಿ ಒಂದು ಪುಟ ಸಲ್ಲುತ್ತದೆಯೋ ಇಲ್ಲವೋ?

ಕೆಲವು ಗೆಳೆಯರು ನಗುತ್ತಾರೆ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ? ಭೂಮಿ ಇಲ್ಲ, ಕೆಲಸ ಇಲ್ಲ, ಇವರಿಗೆ ವಿಶ್ವಕೋಶದ ಚಿಂತೆ’ ಅಂತಾರೆ. ನಗಲಿ. ಆದರೆ ಯಾರ ಹೆಸರು ಯಾವ ಪುಸ್ತಕದಲ್ಲಿ ಹೇಗೆ ಬರೆಯಲಾಯಿತು ಅನ್ನುವುದರ ಮೇಲೆ ನಮ್ಮ ಭೂಮಿಯೂ ಹೋಗಿದೆ, ಕೆಲಸವೂ ಹೋಗಿದೆ. ಶಾನುಭೋಗರ ಪುಸ್ತಕದಲ್ಲಿ ಇಲ್ಲದ ಹೆಸರಿಗೆ ಹೊಲ ಉಳಿಯಲಿಲ್ಲ ಎಂಬುದು ಹಳ್ಳಿಯ ಮೇಷ್ಟರಿಗೆ ನಾವು ಹೇಳಬೇಕಾದ ಮಾತಲ್ಲ. ಹಾಗಾಗಿ ಈ ಪ್ರಶ್ನೆಯನ್ನು ನಾವು ಹಗುರವಾಗಿ ಬಿಡುವುದಿಲ್ಲ. ನಾವು ಬದುಕುತ್ತಿರುವ ಜಾಗದಲ್ಲೇ, ಅಂದರೆ ಬೆಂಗಳೂರಿನ ದಂಡು ಪ್ರದೇಶದಲ್ಲಿ, ಶಿವಾಜಿನಗರ ಹಲಸೂರುಗಳಿಂದ ಕೆ.ಆರ್. ಪುರದವರೆಗಿನ ಈ ಪೂರ್ವ ದಿಕ್ಕಿನಲ್ಲಿ ನಿಂತು ಇದರ ಚರಿತ್ರೆಯನ್ನು ನೋಡೋಣ.

*

ನಿಜವಾದ ಒಂದು ಉದಾಹರಣೆ ಮುಂದಿಟ್ಟುಕೊಂಡು ಮಾತಾಡುವುದು ಒಳ್ಳೆಯದು. ಜೀ ಕನ್ನಡ ವಾಹಿನಿಯ ‘ಸರಿಗಮಪ’ ಸ್ಪರ್ಧೆಯ 15ನೆಯ ಆವೃತ್ತಿ 2018ರಲ್ಲಿ ಶುರುವಾಗಿ 2019ರ ಆರಂಭದಲ್ಲಿ ಮುಗಿಯಿತು. ಅದರಲ್ಲಿ ಎರಡನೆಯ ಸ್ಥಾನ ಪಡೆದವರು ಹಾವೇರಿ ಜಿಲ್ಲೆಯ ಲಂಬಾಣಿ ಹುಡುಗ ಹನುಮಂತ ಲಮಾಣಿ. ಕುರಿ ಕಾಯುತ್ತಿದ್ದವರು, ಸಂಗೀತ ಶಾಲೆಯ ಮೆಟ್ಟಿಲು ಹತ್ತದವರು ಎಂದೇ ಅವರ ಪರಿಚಯವಾಯಿತು. ಜನಪದ ಗೀತೆ, ತತ್ವಪದ ಹಾಡಿ ಹೆಸರಾದರು. ಹಾವೇರಿ ಎಲ್ಲಿ, ಹಲಸೂರು ಎಲ್ಲಿ? ಆದರೂ ಟೀವಿ ಆ ದನಿಯನ್ನು ನಮ್ಮ ಶೀಟಿನ ಮನೆಗಳಿಗೆ ತಂದಿತು. ಮನೆಯಲ್ಲಿ ತಮಿಳು ಮಾತಾಡುವವರೂ ಉರ್ದು ಮಾತಾಡುವವರೂ ಕೂತು ಕೇಳಿದರು. 2025ರ ಜನವರಿಯಲ್ಲಿ ಅವರು ‘ಬಿಗ್ ಬಾಸ್’ ಕನ್ನಡದ 11ನೆಯ ಆವೃತ್ತಿಯನ್ನೂ ಗೆದ್ದರು. ಆ ಗೆಲುವನ್ನು ಸದ್ಯಕ್ಕೆ ಬದಿಗಿಡೋಣ. 2019ರ ಮಾರ್ಚಿನಲ್ಲಿ, ಸ್ಪರ್ಧೆ ಮುಗಿದು ವೇದಿಕೆಯ ದೀಪ ಆರಿದ ಮೇಲೆ, ‘ಈ ಗಾಯಕನಿಗೆ ವಿಶ್ವಕೋಶದಲ್ಲಿ ಪುಟ ಬೇಕಾ?’ ಎಂದು ಯಾರಾದರೂ ಕೇಳಿದ್ದರೆ ಏನು ಹೇಳಬೇಕಿತ್ತು?

ಇವತ್ತು ಜನ ಮೊದಲು ತೆರೆಯುವ ವಿಶ್ವಕೋಶ ವಿಕಿಪೀಡಿಯ. ಇಂಗ್ಲಿಷಿನಲ್ಲಿ ಅದು 2001ರಲ್ಲಿ ಹುಟ್ಟಿತು, ಕನ್ನಡದಲ್ಲಿ 2003ರಲ್ಲಿ. ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಮಿಕ್ಕಿ ಲೇಖನಗಳಿವೆ. ಕನ್ನಡದಲ್ಲಿ 30 ಸಾವಿರ ದಾಟಿವೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು. ಆದರೆ ಯಾರ ಬಗ್ಗೆ ಬೇಕಾದರೂ ಬರೆಯುವಂತಿಲ್ಲ. ‘ಗಮನಾರ್ಹತೆ’ ಎಂಬ ಒಂದು ಜರಡಿ ಇದೆ. ಅದರ ತಿರುಳು ಇಷ್ಟು: ಆ ವ್ಯಕ್ತಿಗೆ ಸಂಬಂಧಪಡದ, ನಂಬಬಹುದಾದ ಪ್ರಕಟಣೆಗಳು ಆ ವ್ಯಕ್ತಿಯ ಬಗ್ಗೆ ವಿವರವಾಗಿ ಬರೆದಿರಬೇಕು. ವಾಹಿನಿಯವರೇ ಹೊರಡಿಸಿದ ಪ್ರಚಾರ ಲೆಕ್ಕಕ್ಕಿಲ್ಲ. ಅಣ್ಣ ತಮ್ಮ ಬರೆದದ್ದು ಲೆಕ್ಕಕ್ಕಿಲ್ಲ.

ಸಂಗೀತಗಾರರಿಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಇನ್ನೂ ಕೆಲವು ಸೂತ್ರಗಳಿವೆ. ದೊಡ್ಡ ಸಂಗೀತ ಸ್ಪರ್ಧೆಯೊಂದರಲ್ಲಿ ಮೊದಲ ಮೂರು ಸ್ಥಾನಗಳಲ್ಲಿ ಒಂದು ಸಿಕ್ಕಿದ್ದರೆ ಪುಟಕ್ಕೆ ಅರ್ಹರಿರಬಹುದು ಎನ್ನುತ್ತದೆ ಒಂದು ಸೂತ್ರ. ಟೀವಿ ಸ್ಪರ್ಧೆಯಲ್ಲಿ ಭಾಗವಹಿಸಿದ್ದಕ್ಕೆ ಮಾತ್ರ ಹೆಸರಾದವರನ್ನು ಆ ಕಾರ್ಯಕ್ರಮದ ಪುಟಕ್ಕೇ ಸೇರಿಸಬಹುದು, ಸ್ವಂತ ಹೆಸರು ಬೆಳೆದ ಮೇಲೆ ಬೇರೆ ಪುಟ ಕೊಡೋಣ ಎನ್ನುತ್ತದೆ ಇನ್ನೊಂದು. ತಕರಾರು ಬಂದರೆ ಸಾಮಾನ್ಯವಾಗಿ ಏಳು ದಿನ ಚರ್ಚೆ. ಆಮೇಲೆ ಇರಿಸು, ಅಳಿಸು, ಸೇರಿಸು, ಈ ಮೂರರಲ್ಲಿ ಒಂದು.

ನೋಡಿ, ಮೊದಲ ಸೂತ್ರ ಹನುಮಂತ ಅವರನ್ನು ಒಳಗೆ ಕರೆಯುತ್ತದೆ. ಎರಡನೆಯದು ಹೊಸ್ತಿಲಲ್ಲಿ ನಿಲ್ಲಿಸುತ್ತದೆ. ಹೊಸ್ತಿಲು ನಮಗೆ ಚೆನ್ನಾಗಿ ಗೊತ್ತಿರುವ ಜಾಗ. ಥಟ್ಟನೆ ಸಿಟ್ಟು ಬರುತ್ತದೆ. ಆದರೆ ಸಿಟ್ಟಿಗೆ ಮೊದಲು, ಹೆಸರು ಬರೆಯುವ ಪುಸ್ತಕಗಳನ್ನು ನಮ್ಮ ಈ ದಿಕ್ಕಿನಲ್ಲಿ ಯಾರು ಯಾರು ಇಟ್ಟುಕೊಂಡಿದ್ದರು, ಅದರಲ್ಲಿ ನಮ್ಮನ್ನು ಹೇಗೆ ಬರೆದರು ಎಂದು ನೋಡಬೇಕು.

*

ಇಂದಿರಾನಗರದ ಪಕ್ಕದಲ್ಲೇ ದೊಮ್ಮಲೂರು. ಅಲ್ಲಿನ ಚೊಕ್ಕನಾಥ ದೇವಾಲಯದಲ್ಲಿ 13ನೆಯ ಶತಮಾನದ ತಮಿಳು ಶಾಸನಗಳಿವೆ. ಬಿ.ಎಲ್. ರೈಸ್ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಅಚ್ಚಾಯಿತು. ದೇವರಿಗೆ ಯಾರು ಏನು ಬಿಟ್ಟರು, ಯಾವ ಹೊಲ, ಯಾವ ದೊರೆಯ ಕಾಲ, ಇದು ಇಂಥ ಕಲ್ಲುಗಳ ಮಾತು. ಕಲ್ಲಿನ ಮೇಲೆ ಹೆಸರು ಏರಬೇಕಾದರೆ ಕೊಡುವುದಕ್ಕೆ ಕೈಯಲ್ಲಿ ಏನಾದರೂ ಇರಬೇಕಿತ್ತು. ಇಲ್ಲವೇ ಯುದ್ಧದಲ್ಲಿ ಸತ್ತು ವೀರಗಲ್ಲಾಗಬೇಕಿತ್ತು. ಹೊಲ ಇಲ್ಲದವರು, ಯಜಮಾನನ ಹೊಲದಲ್ಲಿ ಬೆನ್ನು ಬಗ್ಗಿಸಿ ಸತ್ತವರು ಯಾವ ಕಲ್ಲಿಗೂ ಏರಲಿಲ್ಲ.

1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಹಿಡಿದ. ಆ ಯುದ್ಧದ ಪಡೆಗಳಿಗೆ ಎತ್ತುಗಳ ಮೇಲೆ ದವಸ ಹೊತ್ತು ತಂದವರಲ್ಲಿ ಲಂಬಾಣಿಗಳು ಇದ್ದರು. ಹನುಮಂತ ಲಮಾಣಿ ಎಂಬ ಹೆಸರು ಟೀವಿಯಲ್ಲಿ ಬರುವುದಕ್ಕೆ ಎರಡು ಶತಮಾನ ಮೊದಲೇ ಅವರ ಹಿರೀಕರ ಬಂಧುಬಳಗ ಈ ದಾರಿಗಳಲ್ಲಿ ನಡೆದಿತ್ತು. ಕಾರ್ನ್‌ವಾಲಿಸ್ ಹೆಸರು ಎಲ್ಲ ವಿಶ್ವಕೋಶಗಳಲ್ಲೂ ಇದೆ. ಅವನ ಸೈನ್ಯದ ಹೊಟ್ಟೆ ತುಂಬಿಸಿದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಯೂರಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದರೂ ದಂಡನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು, 1947ರವರೆಗೆ ಬಿಡಲಿಲ್ಲ. ದಂಡು ಬಂದಾಗ ಅಡುಗೆಯವರು ಬಂದರು, ಕುದುರೆ ನೋಡಿಕೊಳ್ಳುವವರು ಬಂದರು, ಚರ್ಮದ ಕೆಲಸದವರು, ಕಸ ಗುಡಿಸುವವರು, ಹೊರೆ ಹೊರುವವರು ಬಂದರು. ತಮಿಳು ಸೀಮೆಯಿಂದ ಬಂದ ನಮ್ಮ ಜನ ಇವರಲ್ಲಿ ಬಹಳ. ಬ್ಲ್ಯಾಕ್‌ಪಲ್ಲಿ ಎಂದು ಕರೆಯುತ್ತಿದ್ದ ಇಂದಿನ ಶಿವಾಜಿನಗರದ ಗಲ್ಲಿಗಳಲ್ಲಿ, ಹಲಸೂರಿನ ಕೇರಿಗಳಲ್ಲಿ ಸಾವಿಗೆ ಹಾಡಿದರು, ಮದುವೆಗೆ ಹಾಡಿದರು, ಅಮ್ಮನ ಜಾತ್ರೆಗೆ ತಮಟೆ ಬಡಿದರು. ಹಾಡು ಉಳಿಯಿತು. ಹಾಡಿದವರು ಜನಗಣತಿಯಲ್ಲಿ ಸಂಖ್ಯೆಯಾದರು.

ಆಮೇಲೆ ಬಂದದ್ದು ಜಾತಿಗಳ ವಿಶ್ವಕೋಶ. ಎಡ್ಗರ್ ಥರ್ಸ್ಟನ್‌ನ ‘ಕಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ’ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರಬಂತು. ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ ಜೋಡಿಸಿದ ಪುಸ್ತಕ. ಅದರಲ್ಲಿ ಹೊಲೆಯ ಎಂಬ ನಮೂದಿದೆ, ಮಾದಿಗ ಎಂಬ ನಮೂದಿದೆ, ಪರೈಯನ್ ಇದೆ, ಲಂಬಾಡಿ ಇದೆ. ಥರ್ಸ್ಟನ್ ಅಳತೆಯ ಉಪಕರಣ ಹಿಡಿದು ಜನರ ತಲೆ ಮೂಗು ಅಳೆದವನು. ಮೈಸೂರು ಸೀಮೆಗೂ ಇಂಥದೇ ಒಂದು ಕೆಲಸ ನಡೆಯಿತು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಜಾತಿ ಬುಡಕಟ್ಟುಗಳ ಸಂಪುಟಗಳು 1928ರಿಂದ 1935ರವರೆಗೆ ಪ್ರಕಟವಾದವು.

ಗೆಳೆಯರೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಶ್ವಕೋಶದಲ್ಲಿ ನಮಗೆ ಜಾಗವೇ ಇರಲಿಲ್ಲ ಎಂದು ವೇದಿಕೆಯ ಮೇಲೆ ಹೇಳುತ್ತೇವಲ್ಲ, ಅದು ಪೂರ್ತಿ ಸರಿಯಲ್ಲ. ಜಾಗ ಇತ್ತು. ಜಾತಿಯ ಹೆಸರಿನಲ್ಲಿ ಇತ್ತು. ಏನು ತಿಂತಾರೆ, ಹೆಣವನ್ನು ಹೇಗೆ ಹೂಳ್ತಾರೆ, ಮದುವೆಗೆ ಎಷ್ಟು ತೆರ ಕೊಡ್ತಾರೆ ಎಲ್ಲ ಇತ್ತು. ಹುಟ್ಟಿದ ವರ್ಷ, ಕಲಿತ ಗುರು, ಕಟ್ಟಿದ ಹಾಡು ಇರುವ ಒಬ್ಬ ಮನುಷ್ಯನಾಗಿ, ಒಬ್ಬ ಹೆಂಗಸಾಗಿ ಜಾಗ ಇರಲಿಲ್ಲ. ಮೇಲಿನವರಿಗೆ ಹೆಸರು, ನಮಗೆ ಕುಲದ ಹೆಸರು. ನಾವು ಕೇಳುತ್ತಿರುವ ಒಂದು ಪುಟದ ತೂಕ ಇಲ್ಲಿದೆ.

*

ಹಾಡುವವರ ವಿಷಯಕ್ಕೆ ಬಂದರೆ ಅರ್ಹತೆ ಅಳೆಯುವ ಯಂತ್ರಗಳು ಒಂದಾದ ಮೇಲೊಂದು ಬಂದವು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದರು. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ತಾವೇ ಹೇಳಿದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಯಾರ ಹಾಡು ಎಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲಿ ಅಂತ. ಕಾರಣ ಏನೇ ಇರಲಿ, ಬೈಜಿಯೆಂದು ಊರು ಮೂದಲಿಸುತ್ತಿದ್ದ ಹೆಂಗಸು ತನ್ನ ಹೆಸರನ್ನು ತನ್ನ ಬಾಯಿಂದಲೇ ಚರಿತ್ರೆಗೆ ಬರೆಸಿದಳು. ಅವರು 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ.

ನಂಜನಗೂಡಿನಲ್ಲಿ ಹುಟ್ಟಿದ ದೇವದಾಸಿ ಕುಲದ ಬೆಂಗಳೂರು ನಾಗರತ್ನಮ್ಮನವರ ಕತೆ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. 18ನೆಯ ಶತಮಾನದ ತೆಲುಗು ಕವಯಿತ್ರಿ ಮುದ್ದುಪಳನಿಯನ್ನು ಸಾಹಿತ್ಯ ಚರಿತ್ರೆ ಬರೆದ ವೀರೇಶಲಿಂಗಂ ಅವರು ನಡತೆಯ ಮಾತೆತ್ತಿ ಹೀಗಳೆದಿದ್ದರು. ನಾಗರತ್ನಮ್ಮ ಸುಮ್ಮನೆ ಕೂರಲಿಲ್ಲ. ಹಸ್ತಪ್ರತಿ ಹುಡುಕಿದರು, 1910ರಲ್ಲಿ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಪೂರ್ತಿ ಅಚ್ಚು ಹಾಕಿಸಿದರು. ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ. ಒಬ್ಬ ಹಾಡುಗಾರ್ತಿ ಇನ್ನೊಬ್ಬಳಿಗಾಗಿ ಮಾಡಿದ ಈ ಕೆಲಸವನ್ನು ನೆನಪಿಡಿ. ಪುಟ ಕೊಡಿ ಎಂದು ಕೇಳುವ ಮೊದಲು ಅವರು ಆಧಾರವನ್ನು ಅಚ್ಚಿಗೆ ತಂದರು.

ಆಮೇಲೆ ಆಕಾಶವಾಣಿ. 1952ರಿಂದ ಗಾಯಕರನ್ನು ಪರೀಕ್ಷೆ ಮಾಡಿ ದರ್ಜೆ ಕೊಡುವ ಪದ್ಧತಿ ಬಂತು. ಎ-ಟಾಪ್, ಎ, ಬಿ-ಹೈ, ಬಿ. ಬೆಂಗಳೂರು ಕೇಂದ್ರ 1955ರಲ್ಲಿ ಶುರುವಾಯಿತು. ನಮ್ಮ ಭಜನೆ ಮನೆಯ, ಕಂಪನಿ ನಾಟಕದ ಜೀವವಾದ ಹಾರ್ಮೋನಿಯಂಗೆ 1940ರಿಂದ 1971ರವರೆಗೆ ಆ ಆಕಾಶದಲ್ಲಿ ಬಾಗಿಲು ಮುಚ್ಚಿತ್ತು. ಭಾರತೀಯ ಶ್ರುತಿಗೆ ಅದು ಹೊಂದುವುದಿಲ್ಲ ಅಂದರು. ಜನಪದ ಗಾಯಕರಿಗೂ ಮುಂದೆ ಆಕಾಶವಾಣಿಯಲ್ಲಿ ಜಾಗ ಸಿಕ್ಕಿತು, ಇಲ್ಲ ಅನ್ನುವಂತಿಲ್ಲ. ಆದರೆ ಜರಡಿ ಹಿಡಿದ ಕೈ ಯಾರದು ಎಂಬುದರ ಮೇಲೆ ಕಾಳು ಯಾವುದು, ಹೊಟ್ಟು ಯಾವುದು ಎಂಬುದು ತೀರ್ಮಾನವಾಯಿತು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಕುರಿತು ಬೂಸಾ ಎಂಬ ಮಾತಾಡಿದಾಗ ನಾಡೇ ಹೊತ್ತಿ ಉರಿದದ್ದು ಇದಕ್ಕೇ. ಜರಡಿಗೆ ಬೀಳುವವನು ಜರಡಿಯನ್ನೇ ಕೈಗೆ ತೆಗೆದುಕೊಂಡಿದ್ದ.

*

ವಿಶ್ವಕೋಶ ಎಂಬ ಪುಸ್ತಕದ ಹುಟ್ಟಿನಲ್ಲೇ ದುಡಿಯುವವರ ನೆರಳಿದೆ. ಫ್ರಾನ್ಸಿನ ದಿದೆರೊ ಚಾಕು ಚೂರಿ ಮಾಡುವವನ ಮಗ. 1751ರಿಂದ 1772ರವರೆಗೆ ಅವನು ಹೊರತಂದ ವಿಶ್ವಕೋಶದಲ್ಲಿ ನೇಯ್ಗೆ, ಕಮ್ಮಾರಿಕೆ, ಚರ್ಮ ಹದ ಮಾಡುವುದು ಎಲ್ಲಕ್ಕೂ ಜಾಗ ಸಿಕ್ಕಿತು. 11 ಸಂಪುಟ ಬರೀ ಚಿತ್ರಗಳೇ. ಆ ಚಿತ್ರಗಳಲ್ಲಿ ಕೆಲಸ ಮಾಡುವ ಕೈ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಅಷ್ಟಾದರೂ ಆ ಕಾಲಕ್ಕೆ ದೊಡ್ಡ ಮಾತೇ.

ಕನ್ನಡದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಒಂಟಿ ಕೈಯಲ್ಲಿ ‘ಬಾಲ ಪ್ರಪಂಚ’ ಮಾಡಿದರು. ಮೈಸೂರು ವಿಶ್ವವಿದ್ಯಾಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ ಬಂತು, ಕೊನೆಗೆ 14 ಸಂಪುಟಗಳಾದವು. ಅಚ್ಚಿನ ವಿಶ್ವಕೋಶಕ್ಕೆ ಕಾಗದದ ಮಿತಿ ಇದೆ. ಒಬ್ಬರನ್ನು ಸೇರಿಸಿದರೆ ಇನ್ನೊಬ್ಬರನ್ನು ಬಿಡಬೇಕು. ತೀರ್ಮಾನ ವಿದ್ವಾಂಸರ ಸಮಿತಿಯದು. ವಿಕಿಪೀಡಿಯಕ್ಕೆ ಕಾಗದದ ಕೊರತೆ ಇಲ್ಲ, ಸಮಿತಿ ಇಲ್ಲ. ನಮ್ಮ ದೊಮ್ಮಲೂರಿನಲ್ಲೇ ಕಚೇರಿ ಇಟ್ಟುಕೊಂಡು ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಎಂಬ ಸಂಸ್ಥೆ 2012ರಿಂದ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಹಲವು ವರ್ಷ ದುಡಿಯಿತು. ಶಾಸನದ ಕಲ್ಲಿರುವ ಊರಿನಲ್ಲೇ ಹೊಸ ವಿಶ್ವಕೋಶದ ಕೆಲಸವೂ ನಡೆದದ್ದು ಕಾಕತಾಳೀಯ. ಆದರೆ ಕಲ್ಲಿಗೂ ಇದಕ್ಕೂ ಒಂದು ನಂಟು ಉಳಿದಿದೆ. ಕಲ್ಲು ದಾನ ಕೇಳುತ್ತಿತ್ತು. ಇದು ಆಧಾರ ಕೇಳುತ್ತದೆ. ಆಧಾರ ಅಂದರೆ ಅಚ್ಚಾದ ಬರಹ. ಬರಹ ಯಾರ ಕೈಯಲ್ಲಿತ್ತು ಎಂಬುದು ಮತ್ತೆ ಅದೇ ಹಳೆಯ ಕತೆ.

ಇದು ನಮ್ಮೊಬ್ಬರ ಅಳಲು ಅಲ್ಲ. ಕೆನಡಾದ ಭೌತವಿಜ್ಞಾನಿ ಡೊನ್ನಾ ಸ್ಟ್ರಿಕ್ಲೆಂಡ್ ಅವರ ಬಗ್ಗೆ ಬರೆದ ಲೇಖನದ ಕರಡನ್ನು 2018ರ ಮೇ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ತಿರಸ್ಕರಿಸಿದರು. ಆಧಾರ ಸಾಲದು ಅಂದರು. ಅದೇ ಅಕ್ಟೋಬರಿನಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಹೆಂಗಸಿನ ಕೆಲಸ ಮೇ ತಿಂಗಳಿಗೂ ಅಕ್ಟೋಬರಿಗೂ ನಡುವೆ ದೊಡ್ಡದಾಗಲಿಲ್ಲ. ಅವರ ಬಗ್ಗೆ ಬರೆದವರ ಸಂಖ್ಯೆ ದೊಡ್ಡದಾಯಿತು. ವಿಜ್ಞಾನಿಗೇ ಹೀಗಾದರೆ ಕುರಿ ಹಿಂದೆ ಹಾಡಿದವನ ಪಾಡೇನು?

*

ಈಗ ತೀರ್ಮಾನಕ್ಕೆ ಬರೋಣ. ಸಿಟ್ಟಿನಲ್ಲಿ ‘ಜರಡಿಯೇ ಬೇಡ, ಹಾಡಿದವರಿಗೆಲ್ಲ ಪುಟ ಕೊಡಿ’ ಅನ್ನಬಹುದು. ನಾವು ಹಾಗನ್ನುವುದಿಲ್ಲ. ಮೂರು ಕಾರಣ ಇವೆ.

ಮೊದಲನೆಯದು. ಜರಡಿ ತೆಗೆದರೆ ಮೊದಲು ನುಗ್ಗುವವರು ದುಡ್ಡಿದ್ದವರು. ಬರೆಸಿಕೊಳ್ಳುವ ತಾಕತ್ತು ಇರುವ ನಿರ್ಮಾಪಕರ ಮಕ್ಕಳು, ರಿಯಲ್ ಎಸ್ಟೇಟಿನ ಧಣಿಗಳು ಬರುತ್ತಾರೆ. ವಾಹಿನಿಯ ಪ್ರಚಾರ ಲೆಕ್ಕಕ್ಕಿಲ್ಲ ಎಂಬ ನಿಯಮ ನಮ್ಮ ಶತ್ರು ಅಲ್ಲ. ಟೀವಿಗೆ ಬೇಕಾದದ್ದು ನೋಡುಗರ ಸಂಖ್ಯೆ. ಬಡತನದ ಕತೆ, ಅಮ್ಮನ ಕಣ್ಣೀರು, ಹಿನ್ನೆಲೆಗೆ ಪಿಟೀಲು, ಇದೆಲ್ಲ ಮಾರಾಟದ ಸರಕು. ಮುಂದಿನ ಆವೃತ್ತಿಗೆ ಹೊಸ ಕಣ್ಣೀರು ಸಿಗುತ್ತದೆ. ಅಂಥ ಸರಕನ್ನು ವಿಶ್ವಕೋಶ ಎಂದು ನಾವೇ ಒಪ್ಪಿಕೊಂಡರೆ ಕೆಟ್ಟೆವು.

ಎರಡನೆಯದು. ಪುಟ ಅಂದರೆ ಬರೀ ಸನ್ಮಾನ ಅಲ್ಲ. ಬದುಕಿರುವವರ ಬೆನ್ನಿಗೆ ಅದು ಅಂಟಿಕೊಳ್ಳುತ್ತದೆ. 2017ರಲ್ಲಿ ಇದೇ ವೇದಿಕೆಯಲ್ಲಿ ಒಬ್ಬ ಮುಸ್ಲಿಂ ಯುವತಿ ಹಿಂದೂ ಭಕ್ತಿಗೀತೆ ಹಾಡಿದಾಗ ಬೈಗುಳದ ಮಳೆ ಸುರಿಯಿತು. ಪತ್ರಿಕೆಗಳೆಲ್ಲ ಬರೆದವು. ಲೆಕ್ಕಕ್ಕೆ ಆಧಾರ ಬೇಕಾದಷ್ಟಿದೆ. ಆದರೆ ಆ ಆಧಾರಗಳಿಂದ ಪುಟ ಕಟ್ಟಿದರೆ ಅದರಲ್ಲಿ ಏನಿರುತ್ತದೆ? ಆಕೆಯ ಹಾಡಲ್ಲ, ಆಕೆಗೆ ಬಿದ್ದ ಬೈಗುಳ. ಒಂದೇ ಘಟನೆಯಿಂದ ಹೆಸರಾದವರಿಗೆ ಬೇರೆ ಪುಟ ಬೇಡ ಎಂಬ ನಿಯಮವೂ ಇದೆ. ಇಂಥ ಕಡೆ ಅದು ಕರುಣೆಯ ನಿಯಮ. ನಾವೂ ಇಲ್ಲಿ ಆ ಹೆಸರು ಬರೆದಿಲ್ಲ. ಎರಡು ವಾರ ಹಾಡಿ ಹೊರಬಿದ್ದ ಹದಿನೈದರ ಹುಡುಗನಿಗೂ ಹೀಗೇ. ಮುಂದೆ ಅವನು ಮೇಷ್ಟರಾಗಬಹುದು, ಮೆಕ್ಯಾನಿಕ್ ಆಗಬಹುದು. ‘ಸೋತ ಸ್ಪರ್ಧಿ’ ಎಂಬ ಫಲಕ ಅವನ ಕೊರಳಿಗೆ ಯಾಕೆ? ಕಾರ್ಯಕ್ರಮದ ಪುಟದಲ್ಲಿ ಒಂದು ಸಾಲು ಸಾಕು.

ಮೂರನೆಯದು. ಜರಡಿ ಎಲ್ಲರಿಗೂ ಒಂದೇ ಆಗಿರಬೇಕು ಎಂದು ಕೇಳುವ ಹಕ್ಕು ನಮಗಿದೆ. ಕೃಪೆ ಕೇಳಿದರೆ ಆ ಹಕ್ಕು ಹೋಗುತ್ತದೆ.

ಹಾಗಾದರೆ ಹನುಮಂತ ಅವರ ವಿಷಯ? 2019ರಲ್ಲೂ ನಮ್ಮ ಉತ್ತರ ‘ಕೊಡಬೇಕು’ ಎಂದೇ. ಎರಡನೆಯ ಸ್ಥಾನ ಸಿಕ್ಕಿದೆ, ಪತ್ರಿಕೆಗಳು ಬರೆದಿವೆ, ನಿಯಮದ ಬಾಗಿಲು ತೆರೆದಿದೆ. ಪುಟ ಚಿಕ್ಕದಿರಲಿ, ಆದರೆ ನಿಜ ಇರಲಿ. ಇಲ್ಲಿ ಒಂದು ಷರತ್ತು ನಮ್ಮದು. ಟೀವಿ ಅವರನ್ನು ‘ಕುರಿಗಾಹಿ’ ಎಂದು ಕರೆದೂ ಕರೆದೂ ಅದನ್ನೇ ಹೆಸರು ಮಾಡಿತು. ಕುರಿ ಕಾಯುವುದು ಕೀಳಲ್ಲ. ಆದರೆ ಥರ್ಸ್ಟನ್‌ನ ಪುಸ್ತಕದಲ್ಲಿ ‘ಲಂಬಾಡಿ’ ಎಂಬ ನಮೂದಿಗೂ ಟೀವಿಯ ‘ಕುರಿಗಾಹಿ’ ಎಂಬ ಫಲಕಕ್ಕೂ ದೂರ ಬಹಳ ಇಲ್ಲ. ಎರಡೂ ಕಡೆ ಮನುಷ್ಯ ತನ್ನ ಕುಲ ಕಸುಬಿನ ಮಾದರಿಯಾಗಿ ನಿಲ್ಲುತ್ತಾನೆ. ವಿಶ್ವಕೋಶದ ಪುಟ ಹಾಗಾಗಬಾರದು. ಯಾವ ಹಾಡು, ಯಾರಿಂದ ಕಲಿತದ್ದು, ಯಾವ ಮಟ್ಟು, ಸ್ಪರ್ಧೆಯ ನಂತರ ಏನು ಮಾಡಿದರು, ಇದು ಅಲ್ಲಿರಬೇಕು. ಇದನ್ನು ಬರೆಯುವುದಕ್ಕೆ ಹೋದಾಗ ಗೊತ್ತಾಗುತ್ತದೆ: ಬಡತನದ ಬಗ್ಗೆ ಹತ್ತು ವರದಿ ಸಿಗುತ್ತವೆ, ಹಾಡುಗಾರಿಕೆಯ ಬಗ್ಗೆ ಒಂದು ಒಳ್ಳೆಯ ಲೇಖನಕ್ಕೆ ತಡಕಾಡಬೇಕು.

*

ಅಲ್ಲಿಗೆ ಬೆರಳು ನಮ್ಮ ಕಡೆಗೇ ತಿರುಗುತ್ತದೆ. ಟೀವಿಯ ಮುಖ ಕಾಣದ ನಮ್ಮ ಹಾಡುಗಾರರ ಗತಿ ಏನು? 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಆ ಹಾಡುಗಳು ಪುಸ್ತಕದಿಂದ ಹಟ್ಟಿಗೆ ಹೋದದ್ದು ಗಂಟಲುಗಳಿಂದ. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ, ಮೈಸೂರಿನ ಜನ್ನಿ, ಇವರಂಥ ಕೆಲವರ ಹೆಸರು ನಮಗೆ ಗೊತ್ತು. ಹಲಸೂರಿನಿಂದ ಹೊರಟು ಕೆ.ಆರ್. ಪುರ, ಹೊಸಕೋಟೆ ದಾಟಿ ಕೋಲಾರಕ್ಕೆ ಹೋಗುವ ಹಳೇ ಮದ್ರಾಸ್ ರಸ್ತೆಯ ಊರೂರಲ್ಲಿ ಜಾಥಾಗಳಲ್ಲಿ ತಮಟೆ ಹಿಡಿದು ಹಾಡಿದ ನೂರಾರು ಜನರ ಹೆಸರು ಎಲ್ಲಿದೆ? ಕರಪತ್ರ ಮಳೆಗೆ ನೆನೆದುಹೋಯಿತು. ಸಣ್ಣ ಪತ್ರಿಕೆಗಳ ಹಳೆಯ ಸಂಚಿಕೆಗಳು ಹುಡುಕಿದರೂ ಸಿಗುವುದಿಲ್ಲ. ಹಾಡುಗಾರಿಕೆಯಲ್ಲಿ ಅವರು ಯಾವ ಸ್ಪರ್ಧಿಗೂ ಕಡಿಮೆ ಇರಲಿಲ್ಲ. ಅವರ ಬಗ್ಗೆ ನಾವೇ ಬರೆಯಲಿಲ್ಲ.

ನಮಗೆ ಹಿಂದಿನವರು ತೋರಿಸಿದ ದಾರಿ ಇದೆ. 1907ರಲ್ಲಿ ಮದ್ರಾಸಿನಲ್ಲಿ ಅಯೋತಿ ದಾಸ ಪಂಡಿತರು ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ತೆಗೆದರು. ಬೆಲೆ ಹೆಸರಿನಲ್ಲೇ ಇದೆ. ಕೋಲಾರ ಚಿನ್ನದ ಗಣಿಯ ಕೂಲಿಗಳು ಅದರ ಓದುಗರಾದರು, ಬರಹಗಾರರೂ ಆದರು. ಪಂಡಿತರು 1914ರಲ್ಲಿ ತೀರಿಕೊಂಡರು. ಮುಂದೆ ಆ ಪತ್ರಿಕೆ ಗಣಿಯ ಊರಿನಿಂದಲೇ ಹೊರಟ ಕಾಲವೂ ಬಂತು. ಜನಗಣತಿಯವರು ಕೊಟ್ಟ ಹೆಸರು ಬೇಡ ಎಂದು ತಮ್ಮ ಹೆಸರನ್ನು ತಾವೇ ಬರೆಸಲು ಹೊರಟವರು ಅವರು. 1920ರಲ್ಲಿ ಬಾಬಾಸಾಹೇಬರು ‘ಮೂಕನಾಯಕ’ ತೆಗೆದರು. 2015ರಿಂದ ಪ್ರತಿ ಏಪ್ರಿಲಿನಲ್ಲಿ ದಲಿತ ಇತಿಹಾಸ ಮಾಸ ಆಚರಿಸುತ್ತಿರುವ ಗೆಳತಿಯರು ವಿಕಿಪೀಡಿಯದಲ್ಲಿ ನಮ್ಮವರ ಪುಟ ಬರೆಯಲು ಕೂತದ್ದೂ ಇದೇ ಹಾದಿಯಲ್ಲಿ. ಮಾರಿಕುಪ್ಪದಿಂದ ಹೊರಟ ರೈಲು ಕೆ.ಆರ್. ಪುರಕ್ಕೆ, ದಂಡು ನಿಲ್ದಾಣಕ್ಕೆ ದಿನಾ ಕೂಲಿಯವರನ್ನು ತಂದು ಇಳಿಸುತ್ತದೆ. ಒಂದು ಪೈಸೆಯ ಪತ್ರಿಕೆ ಓದಿದವರ ಮೊಮ್ಮಕ್ಕಳು ಆ ಗುಂಪಿನಲ್ಲಿದ್ದಾರೆ.

ಹಾಗಾದರೆ ಮಾಡಬೇಕಾದದ್ದೇನು? ಹಳ್ಳಿಯ ಮೇಷ್ಟರಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮ ಕೋರಿಕೆ ಇಷ್ಟೆ. ನಿಮ್ಮ ಊರಿನಲ್ಲಿ, ಕೇರಿಯಲ್ಲಿ, ತಾಂಡಾದಲ್ಲಿ ಹಾಡುವವರ ಬಳಿ ಹೋಗಿ. ಅವರು ಒಪ್ಪಿದರೆ ಮಾತ್ರ ಬರೆಯಿರಿ. ಹೆಸರು, ಹುಟ್ಟಿದ ವರ್ಷ, ಯಾರಿಂದ ಕಲಿತರು, ಯಾವ ಯಾವ ಹಾಡು, ಎಲ್ಲೆಲ್ಲಿ ಹಾಡಿದರು, ಯಾವ ಹೋರಾಟದಲ್ಲಿ ಇದ್ದರು ಎಲ್ಲ ಕೇಳಿ. ಗೊತ್ತಿಲ್ಲದ್ದನ್ನು ಸೇರಿಸಬೇಡಿ, ಹೊಗಳಿಕೆ ಕಡಿಮೆ ಮಾಡಿ. ಬರೆದದ್ದನ್ನು ಸಂಪಾದಕರ ಕೈ ದಾಟಿಸಿ ಅಚ್ಚು ಮಾಡಿಸಿ. ಜಿಲ್ಲಾ ಪತ್ರಿಕೆ ಆಗಬಹುದು, ಇಂಥ ಸಣ್ಣ ಪತ್ರಿಕೆಯೂ ಆಗಬಹುದು. ಎರಡು ಪ್ರತಿ ಗ್ರಂಥಾಲಯಕ್ಕೆ ಕೊಡಿ. ಆಧಾರ ಇಂಗ್ಲಿಷಿನಲ್ಲೇ ಇರಬೇಕೆಂಬ ನಿಯಮ ಎಲ್ಲೂ ಇಲ್ಲ. ಕನ್ನಡದ ಕಾಗದ ನಡೆಯುತ್ತದೆ, ಶಿವಾಜಿನಗರದ ಮನೆಗಳಿಗೆ ಬರುವ ‘ಸಾಲಾರ್’ನಂಥ ಉರ್ದು ಪತ್ರಿಕೆಯ ವರದಿ ನಡೆಯುತ್ತದೆ, ತಮಿಳಿನದೂ ನಡೆಯುತ್ತದೆ. ಅಂತರ್ಜಾಲದಲ್ಲಿ ಇರಲೇಬೇಕು ಎಂದೂ ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಿಲ್ಲದೆ ಹಿಂದೆ ಸರಿಯುತ್ತಾರೆ. ನಿಮ್ಮ ಸ್ವಂತ ಅಣ್ಣನ ಪುಟವನ್ನು ನೀವೇ ಬರೆಯಬೇಡಿ. ಬೇರೆಯವರು ಬರೆಯಲಿ, ನೀವು ಬೇರೆಯವರ ಅಕ್ಕನ ಪುಟ ಬರೆಯಿರಿ.

ಏಳು ದಿನದ ಚರ್ಚೆಯಲ್ಲಿ ನಮ್ಮವರೊಬ್ಬರ ಹೆಸರು ಬಂದಾಗ ‘ಆಧಾರ ಎಲ್ಲಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಜಾತಿಯ ಸಂಕಟ ಹೇಳಿಕೊಂಡು ಕೂರುವ ಗತಿ ಬರಬಾರದು. ಇಗೋ ಸಂಚಿಕೆ, ಇಗೋ ಪುಟ, ಇಗೋ ವರ್ಷ ಎಂದು ಮುಂದಿಡಬೇಕು. ಆ ಸಂಚಿಕೆಯನ್ನು ಈ ವರ್ಷವೇ ಶುರು ಮಾಡೋಣ.